ಪ್ರೇಮಾಕಾಕು ನೋಡದ ಎಪಿಸೋಡ್

ಲೈಟ್ ಇರಲಿ ಬಿಡ್ರಿ, ಆರಸಬ್ಯಾಡ್ರಿ. ಇದು ಎಲ್ಲೋ ಕೇಳಿದ ಕತಿ ಅಲ್ಲ. ಪುಣೆದ ಧನಕವಡಿಯೊಳಗ ನಮ್ಮ ಬಾಜೂ ಮನಿ ಸಿದ್ದಲಿಂಗಪ್ಪ ಕಾಕಾಗ ಆದದ್ದು.

ಹೋದ ವರ್ಷ... ರಾತ್ರಿ ಹನ್ನೊಂದು. ತೀರಿಕೊಂಡ ಹೆಂಡತಿ ಪ್ರೇಮಾಕಾಕುನ ವರ್ಷದ ಕಾರ್ಯ ಧಾರವಾಡದಾಗ ಮುಗಿಸಿ, ಸ್ವಾರಗೇಟ ಬಸ್‌ಸ್ಟ್ಯಾಂಡಿನಾಗ ಇಳಿದು, ರಿಕ್ಷಾದಾಗ ಓಣಿ ತನಕ ಬಂದಿದ್ರು. ಓಣಿ ತುಂಬ ಕರೆಂಟ್ ಇಲ್ಲ. ಹಳೆ ಬಾವಿ ದಾಟಿದ್ರು... ನಿಂತ್ರು. ಕೀಲಿ ಹಾಕಿದ ತಮ್ಮ ಮನಿಯೊಳಗಿಂದ ಟಿವಿ ಸಪ್ಪಳ. ಪೊಲೀಸ್ ಜೀಪು ಗಕ್ಕನ ನಿಂತದ್ದು. ಬೂಟಿನ ಸಪ್ಪಳ. ಇನ್‌ಸ್ಪೆಕ್ಟರನ ಕೆಮ್ಮು.

ಆ ಟಿವಿ ಆಗ ವರ್ಷದಿಂದ ಬಂದ್ ಇತ್ತು, ಗೊತ್ತೇನು? ಪ್ಲಗ್ ಕಿತ್ತು, ಮ್ಯಾಲೆ ಕಾಕುನ ಹಳೆ ಸೀರಿ ಹೊಚ್ಚಿದ್ರು.

ಯಾಕಂದ್ರ ಪ್ರೇಮಾಕಾಕುಗ ಆ ಕ್ರೈಮ್ ಸೀರಿಯಲ್ ಅಂದ್ರ ಭಾಳ ಹುಚ್ಚು. ಬಳ್ಳೊಳ್ಳಿ ಸುಲಕೋತ ಕೂಡೋರು, ಅರ್ಧಕ್ಕನ ಕೊಲೆಗಾರ ಯಾರಂತ ಹೇಳಿಬಿಡೋರು. ಒಮ್ಮೆನೂ ತಪ್ಪಿದ್ದಿಲ್ಲ. ಆ ಸೊಕ್ಕು ಬ್ಯಾರೆ. ಕಡೀಕ ನೋಡಿದ್ದು ಯಾವುದೋ ಸಣ್ಣ ಊರಾಗ ಗಿರಣಿಯವನ ಕೊಲೆ, ಎರಡು ಭಾಗದ್ದು. ಮೊದಲನೇದು ನೋಡಿ, 'ಸಾಲಿ ಮಾಸ್ತರಂದ ಈ ಕೆಲಸ' ಅಂದ್ರು. ಮರುದಿನ ದವಾಖಾನಿ ಸೇರಿದ್ರು. 'ಇವತ್ತಿಂದು ನೋಡಿ ಬಂದು ಹೇಳ್ರಿ' ಅಂತ ಗಂಡನ್ನ ಮನಿಗೆ ಕಳಿಸಿದ್ರು. ಕಾಕಾ ದಣಿದು ನಿದ್ದಿ ಹೋದ್ರು. ಬೆಳಿಗ್ಗೆ ಕಾಕು ಕೇಳಿದಾಗ ಬಾಯಿಗೆ ಬಂದದ್ದು ಹೇಳಿದ್ರು... 'ಸತ್ತವನ ತಮ್ಮ.'

'ಹಂಗಾರ ನಾ ತಪ್ಪಿದೆ' ಅಂತ ಕಾಕು ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು. ಸಂಜಿಗೆ ಹೋಗೇಬಿಟ್ರು. ಕೊಲೆಗಾರ ಮಾಸ್ತರನ ಅಂತ ಕಾಕಾಗ ಆಮ್ಯಾಲೆ ಗೊತ್ತಾತು. ಆ ಸುಳ್ಳು ಅವರನ್ನ ಒಳಗೊಳಗ ತಿಂತಿತ್ತು.

ಆ ರಾತ್ರಿ ಕೀಲಿ ತಗದ್ರು... ಕಟಕ್. ಒಳಗ ಕತ್ತಲಿ. ಟಿವಿ ಮ್ಯಾಲಿನ ಸೀರಿ ಹಂಗ ಅದ. ಸಪ್ಪಳ ಅದರ ಕೆಳಗಿಂದನ. ಅದರ ಜೋಡಿ ಇನ್ನೊಂದು... ಚಿರ್... ಚಿರ್... ಬಳ್ಳೊಳ್ಳಿ ಸಿಪ್ಪಿ ಬಿಡಸೋ ಸಪ್ಪಳ.

'ಎಷ್ಟೊತ್ತು ಮಾಡಿದ್ರಿ. ಮುಗಿಯಾಕ ಬಂತು.'

ಕಾಕಾ ಬಾಗಿಲದಾಗನ ಕುಂತ್ರು. 'ನಾ ಅವತ್ತ ನೋಡಿದ್ದಿಲ್ಲ, ಪ್ರೇಮಾ. ಸುಳ್ಳು ಹೇಳಿದೆ. ಮಾಸ್ತರನ ಅವ. ನೀ ತಪ್ಪಿದ್ದಿಲ್ಲ.'

ಚಿರ್ ಅನ್ನೋದು ನಿಂತಿತು.

'ನಾ ಅಂದಿದ್ದಿಲ್ಲೇನ್ರಿ?'

ಸಣ್ಣಗ ನಕ್ಕದ್ದೂ ಕೇಳಿಸ್ತಂತ. ಅಷ್ಟರಾಗ ಕರೆಂಟ್ ಬಂತು... ಯಾರೂ ಇಲ್ಲ. ಪ್ಲಗ್ ನೆಲದ ಮ್ಯಾಲೆ ಬಿದ್ದಿತ್ತು.

ಬೆಳಿಗ್ಗೆ ನಾನ ಹೋಗಿ ನೋಡೀನಿ. ತಾಟಿನ ತುಂಬ ಸುಲಿದ ಬಳ್ಳೊಳ್ಳಿ. ಕಾಕು ಹೋದ ಮ್ಯಾಲೆ ಆ ಮನಿಗೆ ಬಳ್ಳೊಳ್ಳಿನ ಬಂದಿದ್ದಿಲ್ಲ. ಕಾಕಾ ತಾಟಿನ ಮುಂದ ಕುಂತು ಅಳತಿದ್ರು. 'ಖರೆ ಹೇಳಬಾರದಿತ್ತು, ಮಾಧುರಿ' ಅಂತ ನನಗ ಅಂದ್ರು. 'ಹೇಳದಿದ್ರ ನಾಳೆನೂ ಬರತಿದ್ಲು.'

ಈಗ ದಿನಾ ರಾತ್ರಿ ಟಿವಿ ಹಚ್ಚಿ ಒಬ್ಬರ ಕೂಡತಾರ. 'ಯಾರು ಹೇಳು ನೋಡೋಣು' ಅಂತ ಕೇಳೋದು ಗ್ವಾಡಿ ದಾಟಿ ನಮಗ ಕೇಳಸ್ತದ. ಉತ್ತರ ಬಂದದ್ದು ನಾ ಕೇಳಿಲ್ಲ.

ನೀವು ನಂಬ್ರಿ, ಬಿಡ್ರಿ. ಆ ತಾಟಿನಾಗಿಂದ ಒಂದು ಎಸಳು ನಮ್ಮ ಅಡಗಿಮನಿ ಡಬ್ಬಿಯೊಳಗ ಇಟ್ಟೀನಿ. ವರ್ಷ ಆತು... ಇನ್ನೂ ಹಸಿ ಅದ.