ಬೆಕ್ಕು ಬೀಳಿಸಿದ ಲ್ಯಾಪ್‌ಟಾಪ್

ರಿಪೇರಿ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಪರದೆ ಒಡೆದ ಲ್ಯಾಪ್‌ಟಾಪ್ ಸೊಸೆಯ ತೊಡೆಯ ಮೇಲಿತ್ತು.

“ಮಾರಿಬಿಡೋಣ ಅತ್ತೆ. ಬಂದಷ್ಟು ಬರಲಿ.”

“ಮಾರಿದ್ರೆ ಪರೀಕ್ಷೆಗೆ ಯಾವುದರಲ್ಲಿ ಓದ್ತೀಯ?”

“ಓದಿದ್ದು ಸಾಕು. ಹನ್ನೊಂದು ವರ್ಷದಿಂದ ನರ್ಸ್ ಆಗಿದೀನಿ, ಹಾಗೇ ಇರ್ತೀನಿ.”

“ಹೆಡ್ ನರ್ಸ್ ಆಗ್ತೀನಿ ಅಂತ ಕುಣಿದವಳು ನೀನೇ ತಾನೆ?”

“ಮೂರು ಸಲ ಫೇಲಾದ್ಮೇಲೆ ಯಾರು ಕುಣೀತಾರೆ?”

“ಆ ಹಾಳು ಬೆಕ್ಕು ಇದನ್ನ ಬೀಳಿಸದೆ ಇದ್ದಿದ್ರೆ ಈ ಮಾತೇ ಬರ್ತಿರ್ಲಿಲ್ಲ.”

ಸೊಸೆ ಒಡೆದ ಪರದೆಯ ಮೇಲೆ ಬೆರಳಾಡಿಸಿದಳು.

“ಬೆಕ್ಕು ಬೀಳಿಸಿಲ್ಲ. ರಿಸಲ್ಟ್ ನೋಡಿ ಸಿಟ್ಟಲ್ಲಿ ನಾನೇ ರಪ್ಪಂತ ಮುಚ್ಚಿದೆ. ಒಳಗೆ ಪೆನ್ನಿತ್ತು.”

“ಗೊತ್ತು. ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ.”

“ಮತ್ತೆ ನಾಲ್ಕು ದಿನದಿಂದ ಬೆಕ್ಕಿಗೆ ಬೈತಿದ್ರಲ್ಲ?”

“ನಿನಗೆ ಬೈಯೋಕಾಗಲ್ವಲ್ಲ.”

“ನಿಮ್ಮ ಜೊತೆ ಏಗೋಕಾಗಲ್ಲ ಅತ್ತೆ.”

“ಏಗಬೇಡ, ಓದು. ಪಾಳಿ ಮುಗಿಸಿ ಬಂದು, ಒಂದು ಕೈಲಿ ಸೌಟು ಹಿಡ್ಕೊಂಡು ಓದಿದ್ರೆ ತಲೆಗೆ ಹತ್ತುತ್ತಾ? ಇನ್ನು ಅಡುಗೆ ನಾನು ನೋಡ್ಕೋತೀನಿ.”

“ಈ ಮಾತನ್ನ ಮೊದಲನೇ ಸಲ ಫೇಲಾದಾಗ ಹೇಳಬೇಕಿತ್ತು.”

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

“ಹೌದು, ಹೇಳಬೇಕಿತ್ತು.”

ಅಷ್ಟರಲ್ಲಿ ಅಂಗಡಿಯವನು ಕರೆದ. “ರಿಪೇರಿನಾ ಮೇಡಂ, ಮಾರೋದಾ?”

ಅತ್ತೆ ಬಾಯಿ ತೆರೆಯುವ ಮೊದಲೇ ಸೊಸೆ ಎದ್ದು ಹೋಗಿ ಲ್ಯಾಪ್‌ಟಾಪನ್ನು ಅವನ ಮುಂದೆ ಇಟ್ಟಳು. ಮುಖದ ಗಂಟು ಇನ್ನೂ ಬಿಚ್ಚಿರಲಿಲ್ಲ.

“ರಿಪೇರಿಗೆ ಎಷ್ಟು ದಿನ ಬೇಕು, ಸರಿಯಾಗಿ ಹೇಳಿ. ಪರೀಕ್ಷೆಗೆ ನಲವತ್ತೇ ದಿನ ಇರೋದು.”