ಚೀಲದ ಕೆಳಗೆ ಹಾಸಿದ ಬ್ಯಾನರು

ಮಾನ್ಯ ಅಧ್ಯಕ್ಷರೇ, ನಮ್ಮ ಹಿಮಾಲಯ ಯಾತ್ರೆಗೆ ನೆರವಾದ ಗಣಿ ಮಾಲೀಕರೂ ಇಂದಿನ ಮುಖ್ಯ ಅತಿಥಿಗಳೂ ಆದ ಮರಿಸ್ವಾಮಿಯವರೇ, ಹೊಸಪೇಟೆಯ ಸಭಿಕರೇ,

ಶಿಖರವೇರಿದವರಿಗೆ ಸನ್ಮಾನ ಎಂದು ಆಹ್ವಾನ ಪತ್ರಿಕೆಯಲ್ಲಿದೆ. ನಾವು ಹೊರಡುವ ಮೊದಲೇ ಅಚ್ಚು ಹಾಕಿಸಿದ್ದರಂತೆ! ನಾವು ಏರಲಿಲ್ಲ. ಯಾಕೆ ಏರಲಿಲ್ಲ ಎಂದು ಹೇಳುವುದು ತಂಡದ ನಾಯಕಿಯಾದ ನನ್ನ ಕೆಲಸ.

ಗಾದಿಗನೂರಿನ ದುರುಗೇಶ್ ನಿಮಗೆ ಗೊತ್ತು. ಹಂಪಿಯ ಬಂಡೆಗಳ ಮೇಲೆ ಅವನಿಗೆ ಸರಿಸಾಟಿ ಯಾರಿದ್ದಾರೆ? ಆ ಜಂಬವೇ ಮುಳುವಾಯಿತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಅಲ್ಲಿ ತೋಳಿನ ಬಲ ಲೆಕ್ಕಕ್ಕಿಲ್ಲ. ತಲೆ ಸಿಡಿಯುತ್ತಿದ್ದರೂ ಅವನು ಬಾಯಿ ಬಿಡಲಿಲ್ಲ. ಕೇಳಿದರೆ, "ಏನಿಲ್ಲಕ್ಕ, ಹಂಪಿ ಬಿಸಿಲಾಗ ಬೆಳದಾಂವ ನಾನು. ಸುಮ್ನ ನಡೀರಿ" ಎಂದ. ಕೊನೆಯ ಡೇರೆಯಿಂದ ಬೆಳಿಗ್ಗೆ ಹೊರಡುವಾಗ ಕುಡಿದವನಂತೆ ತೂರಾಡಿದ. ನನ್ನನ್ನು "ಅವ್ವಾ" ಎಂದು ಕರೆದ. ಎತ್ತರದ ಕಾಯಿಲೆ ತಲೆಗೇರಿದೆ ಎಂದು ತಿಳಿದು ಅವನನ್ನು ಅಲ್ಲೇ ಕೂರಿಸಿದೆ.

ನಮ್ಮಲ್ಲೊಂದು ಒತ್ತಡದ ಚೀಲವಿತ್ತು. ಮನುಷ್ಯನನ್ನು ಒಳಗೆ ಮಲಗಿಸಿ, ಜಿಪ್ ಎಳೆದು, ಕಾಲಿನಿಂದ ಪಂಪು ತುಳಿದು ಗಾಳಿ ತುಂಬಬೇಕು. ಒಳಗಿದ್ದವನಿಗೆ ಬೆಟ್ಟ ಇಳಿದಷ್ಟೇ ಆರಾಮ. ಆದರೆ ತುಳಿಯುವುದು ನಿಂತರೆ ಒಳಗೆ ಉಸಿರು ಕಟ್ಟುತ್ತದೆ. ಅದನ್ನು ಹೊರುವಾಗ ಎಲ್ಲರಿಗಿಂತ ಹೆಚ್ಚು ಗೊಣಗಿದವನು ದುರುಗೇಶನೇ: "ಈ ಹೆಣಭಾರ ಯಾಕ ಬೇಕಿತ್ರಿ?"

ನೆಲವೆಲ್ಲ ಚೂಪುಗಲ್ಲು. ಚೀಲ ಹರಿದರೆ ಮುಗಿಯಿತು. ಆಗ ಜೊತೆಗಿದ್ದ ತಿಪ್ಪೇಶ್, "ಅಕ್ಕಾ, ಸಾಹುಕಾರ್ರ ಬ್ಯಾನರ್ ಐತಲ್ಲ?" ಎಂದ. ಶಿಖರದ ಮೇಲೆ ಹಿಡಿದು ಫೋಟೊ ತೆಗೆಸಿಕೊಳ್ಳಿ ಎಂದು ಮರಿಸ್ವಾಮಿಯವರು ಕೊಟ್ಟಿದ್ದ, ಅವರದೇ ನಗುಮುಖದ ಫ್ಲೆಕ್ಸ್. ಬಸ್ ಸ್ಟ್ಯಾಂಡಿನ ಮುಂದೆ ಕಟ್ಟುವಷ್ಟು ದೊಡ್ಡದು! ಮಡಿಚಿ, ಚೀಲದ ಕೆಳಗೆ ಹಾಸಿದೆವು.

ಮಧ್ಯಾಹ್ನದವರೆಗೂ ಸರದಿಯ ಮೇಲೆ ತುಳಿದೆವು. ಎದುರಿಗೇ ಶಿಖರ, ಮೋಡವಿಲ್ಲ, ಬಿರುಗಾಳಿಯಿಲ್ಲ. ಕಂಪ್ಲಿಯ ಮನೆಯಲ್ಲಿ ನನ್ನ ಮದುವೆಯ ಮಾತನ್ನೂ ಮುಂದೂಡಿಸಿ ಬಂದವಳು ನಾನು. ಬೇಜಾರಾಗಲಿಲ್ಲವೇ? ಆಯಿತು, ಕಣ್ಣೀರೂ ಹಾಕಿದೆ. ಆದರೆ ಕಾಲು ನಿಲ್ಲಿಸಲಿಲ್ಲ. ಕೊನೆಗೆ ಜಿಪ್ ತೆಗೆದಾಗ ದುರುಗೇಶ್, "ಸುನಿತಕ್ಕ, ಹಸಿವಾಗೇತಿ" ಎಂದ. ಅವನ ಕೈ ಹಿಡಿದು ಆಗಲೇ ಕೆಳಗಿಳಿದೆವು.

ಮರಿಸ್ವಾಮಿಯವರೇ, ನಿಮ್ಮ ಬ್ಯಾನರು ಕಲ್ಲು ಚುಚ್ಚಿ ತೂತಾಗಿದೆ. ಚೀಲಕ್ಕೆ ಒಂದು ಗೀರೂ ಬಿದ್ದಿಲ್ಲ. ನೀವು ಕೇಳಿದ ಫೋಟೊ ನಮ್ಮಲ್ಲಿಲ್ಲ. "ನನ್ನಿಂದ ನೀವೆಲ್ಲ ಸೋತ್ರಿ, ನಾ ಬರಾಂಗಿಲ್ಲ" ಎಂದು ಹಟ ಹಿಡಿದ ದುರುಗೇಶನನ್ನು ಅವನ ತಾಯಿ ತಿಪ್ಪಕ್ಕ ಇಲ್ಲಿಗೆ ಎಳೆದು ತಂದಿದ್ದಾರೆ. ಅಗೋ, ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ.

ಏಳೋ ದುರುಗೇಶ್. ಎದ್ದು ನಿಂತು ಸಭೆಗೆ ಮುಖ ತೋರಿಸು. ಬೆಟ್ಟದಿಂದ ನಾವು ತಂದದ್ದು ಇವನನ್ನೇ ಸ್ವಾಮಿ. ಶಾಲು ಇವನ ತಾಯಿಗೆ ಹೊದಿಸಿ. ಕೂತು ಕೇಳಿದ ನಿಮ್ಮೆಲ್ಲರಿಗೂ ವಂದನೆ, ನಮಸ್ಕಾರ.