ನಾಲ್ಕನೇ ಮಹಡಿಯ ಮನೆಯ ಬಾಗಿಲು ಮುರಿದ ಬಗ್ಗೆ

ಹೆಸರು: ರೊಸಾಲ್ಬಾ ಇಂಗ್ರಾಸಿಯಾ, ಗಂಡ ದಿವಂಗತ ಕಾರ್ಮೆಲೊ. ವಯಸ್ಸು: 43. ಕೆಲಸ: ಹೋಟೆಲಿನ ಕೋಣೆಗಳನ್ನು ಗುಡಿಸಿ ಒರೆಸುವುದು. ವಾಸ: ಸಾನ್ ತೆಯೊದೊರೊ ಸರ್ಕಾರಿ ವಸತಿ ಕಟ್ಟಡ, ನಾಲ್ಕನೇ ಮಹಡಿ, ಪೋರ್ತೊಸಾಲ್ವೊ, ಸಿಸಿಲಿ.

ನಾನು ಇಂದು ಠಾಣೆಗೆ ನಾನಾಗಿಯೇ ಬಂದು ಬರೆಸುವುದೇನೆಂದರೆ:

ಏಳು ವರ್ಷ ಕಾದ ಮೇಲೆ ಈ ಸೋಮವಾರ ವಸತಿ ಕಚೇರಿಯವರು ಮನೆಯ ಕೀಲಿ ಕೊಟ್ಟರು. ಅಲ್ಲಿಯವರೆಗೆ ನಾನು ಮತ್ತು ನನ್ನ ಅತ್ತೆ ವೆನೆರಾ, ವಯಸ್ಸು 74, ನಾದಿನಿಯ ಗ್ಯಾರೇಜಿನಲ್ಲಿ ಇದ್ದೆವು. ಮನೆಯೊಳಗೆ ಒಲೆ, ಮಂಚ, ದೀಪ ಯಾವುದೂ ಇರಲಿಲ್ಲ. ಅಡುಗೆಮನೆಯ ಸಿಂಕನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಗೋಡೆಯೊಳಗಿನ ವೈರನ್ನೂ ಎಳೆದುಕೊಂಡಿದ್ದರು. ಕಮೋಡ್ ಇರಬೇಕಾದಲ್ಲಿ ಬರೀ ತೂತು, ಅದಕ್ಕೆ ಹಳೆ ಬಟ್ಟೆ ತುರುಕಿತ್ತು. ಮಲಗುವ ಕೋಣೆಯ ಗೋಡೆ ಬೂಷ್ಟು ಹಿಡಿದು ಕಪ್ಪಾಗಿತ್ತು. ರಿಪೇರಿ ಯಾವಾಗ ಎಂದು ಕೇಳಿದ್ದಕ್ಕೆ ಗುಮಾಸ್ತರು, ಇದ್ದ ಹಾಗೆ ತೆಗೆದುಕೊಳ್ಳದಿದ್ದರೆ ಮತ್ತೆ ಸರತಿಯ ಕೊನೆಗೆ ಹೋಗುತ್ತೀರಿ ಎಂದು ತಿಳಿಸಿದರು. ನಾನು ತೆಗೆದುಕೊಂಡೆ.

ಅದೇ ದಿನ ಎದುರುಮನೆಯ ಮೆಲಿನಾ ಎಂಬುವರು ಒಂದು ಬಕೆಟ್ ನೀರು ತಂದುಕೊಟ್ಟು, "ನೋಡಮ್ಮ, ಈ ಮನೇನ ಒಂದು ಗಳಿಗೇನೂ ಖಾಲಿ ಬಿಡ್ಬೇಡ. ಬ್ರೆಡ್ ತರೋಕ್ ಹೋಗಿ ಬರೋಷ್ಟ್ರಲ್ಲಿ ಇನ್ಯಾರೋ ಹಾಸಿಗೆ ಹಾಸ್ಕೊಂಡು ಕೂತಿರ್ತಾರೆ. ಆಮೇಲೆ ಕೋರ್ಟಿಗೆ ಅಲ್ದು ಅಲ್ದು ನಿನ್ನ ಆಯಸ್ಸೇ ಮುಗಿಯುತ್ತೆ" ಎಂದರು. ರಜೆ ಹಾಕಿದರೆ ನನ್ನ ಕೆಲಸ ಹೋಗುತ್ತದೆ. ಆದ್ದರಿಂದ ಅತ್ತೆಯನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದೆ. ಅತ್ತೆಗೆ ಸೊಂಟ ಮುರಿದಿದೆ, ಕೋಲಿಲ್ಲದೆ ಏಳಲಾರರು.

ಇಂದು ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮೆಲಿನಾ ಹೋಟೆಲಿಗೆ ಫೋನ್ ಮಾಡಿ, ಬಾಗಿಲು ಒಡೆಯುತ್ತಿದ್ದಾರೆ ಬಾ ಎಂದರು. ಬಸ್ಸಿಗೆ ಕಾಯದೆ, ಏಪ್ರನ್ ಕೂಡ ಬಿಚ್ಚದೆ ಓಡಿದೆ. ಕೋಲನ್ನು ಅತ್ತೆಯ ಕೈಗೆ ಎಟುಕುವ ಹಾಗೆ ಇಟ್ಟಿದ್ದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ನೆನಪು ಮಾಡಿಕೊಳ್ಳುತ್ತಿದ್ದೆ.

ಮೆಟ್ಟಿಲ ಮೇಲೆ ಒಬ್ಬ ಯುವಕ ಹಾಸಿಗೆ ಸುರುಳಿ ಹೊತ್ತು ಹತ್ತುತ್ತಿದ್ದ. ಅವನನ್ನು ತಳ್ಳಿಕೊಂಡು ಮೇಲೆ ಹೋದೆ. ಬಾಗಿಲ ಚೌಕಟ್ಟು ಸೀಳಿತ್ತು. ಒಳಗೆ ಅವನ ಅಣ್ಣ, ಸುಮಾರು ಮೂವತ್ತರವನು, ಕಬ್ಬಿಣದ ಸರಳು ಹಿಡಿದು ನಿಂತಿದ್ದ. ಇವನ ಹೆಸರು ಸಾಂತೊ ಎಂದು ಆಮೇಲೆ ಮೆಲಿನಾ ಹೇಳಿದರು. ಅತ್ತೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅವರಿಗೆ ಏಟು ಬಿದ್ದಿರಲಿಲ್ಲ. ಸಾಂತೊ, "ಎದ್ದು ಹೋಗಿ ಅಜ್ಜಿ, ನಾನೇ ಎತ್ತಿ ಹೊರಗಿಡೋ ಹಾಗ್ ಮಾಡ್ಬೇಡಿ" ಎನ್ನುತ್ತಿದ್ದ. ಅತ್ತೆ, "ಎತ್ತು ಮಗ. ಎತ್ತಿದೋರ ಪಾಲಿಗೇ ನಾನು. ಸಾಯೋವರೆಗೂ ನೀನೇ ನೋಡ್ಕೋಬೇಕು" ಎಂದರು.

ನಾನು ಇಬ್ಬರ ನಡುವೆ ಹೋಗಿ ನಿಂತೆ. ಅವನು ಸರಳನ್ನು ಎತ್ತಲಿಲ್ಲ, ಕೆಳಗೂ ಇಡಲಿಲ್ಲ. ಹೆಂಡತಿಗೆ ದಿನ ತುಂಬಿದೆ, ಕಾರಿನಲ್ಲಿ ಮಲಗುತ್ತಿದ್ದೇವೆ, ನೀವಿಬ್ಬರು ಎಲ್ಲಾದರೂ ಇರಬಹುದು ಎಂದು ಹೇಳಿದ. ನಾನು ಅಲ್ಲಿಂದ ಕದಲಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ನೊಎಮಿ ಏದುಸಿರು ಬಿಡುತ್ತ ಮೇಲೆ ಬಂದಳು. ಇಪ್ಪತ್ತು ವರ್ಷವಿರಬಹುದು. ಯಾರ ಮುಖವನ್ನೂ ನೋಡದೆ ಒಂದೊಂದೇ ಕೋಣೆಗೆ ಹೋದಳು. ಕಕ್ಕಸಿನ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಹಿಂದಿರುಗಿ ಗಂಡನಿಗೆ, "ಇದಕ್ಕಾ ನನ್ನ ಕರ್ಕೊಂಡ್ ಬಂದಿದ್ದು? ಇಲ್ಲಿ ಹಂದೀನೂ ಮರಿ ಹಾಕಲ್ಲ. ಕಾರೇ ವಾಸಿ" ಎಂದಳು.

ಆ ಮಾತಿಗೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. "ಯಾಕೆ, ಏನಾಗಿದೆ ಈ ಮನೆಗೆ? ಬೆಳಿಗ್ಗೆ ಬಿಸಿಲು ಬರುತ್ತೆ. ಅಡುಗೆಮನೆ ಕಿಟಕೀಲಿ ಸಮುದ್ರ ಕಾಣುತ್ತೆ. ಸುಣ್ಣ ಬಳಿದ್ರೆ ಆಯ್ತಪ್ಪ" ಎಂದು ಜೋರಾಗಿಯೇ ಹೇಳಿಬಿಟ್ಟೆ. ಅತ್ತೆ ನನ್ನ ಏಪ್ರನ್ ಜಗ್ಗಿ, "ಸುಮ್ನಿರೆ, ಇಲ್ಲಿರೋಕೆ ಅವಳನ್ನ ನೀನೇ ಒಪ್ಪಿಸ್ತೀಯ" ಎಂದರು.

ನೊಎಮಿ ಅಡುಗೆಮನೆಗೆ ಹೋಗಿ ಕಿಟಕಿಯಲ್ಲಿ ನೋಡಿದಳು. ಹಾಸಿಗೆ ಹೊತ್ತವನು ಬಾಗಿಲಲ್ಲೇ ನಿಂತಿದ್ದ. ಆಮೇಲೆ ಅವಳು ಕಣ್ಣು ಒರೆಸಿಕೊಂಡು ಹೊರಗೆ ನಡೆದಳು. ಸಾಂತೊ ಸರಳನ್ನು ನೆಲಕ್ಕೆ ಎಸೆದು ಅವಳ ಹಿಂದೆ ಹೋದ. ತಮ್ಮನೂ ಹೋದ.

ಸರಳನ್ನು ಠಾಣೆಗೆ ಒಪ್ಪಿಸಿದ್ದೇನೆ. ಬಾಗಿಲು ಮುರಿದ ಅಣ್ಣತಮ್ಮಂದಿರ ಮೇಲೆ ಕ್ರಮ ಜರುಗಿಸಬೇಕು. ವಸತಿ ಕಚೇರಿಯವರು ನಾಳೆ ನನ್ನನ್ನು ಹೊಣೆ ಮಾಡದಂತೆ, ಬಾಗಿಲು ಮುರಿದದ್ದು ನಾನಲ್ಲ ಎಂಬುದೂ ದಾಖಲಾಗಬೇಕು. ನೊಎಮಿಯ ಮೇಲೂ ದೂರು ಕೊಡುವಿರಾ ಎಂದು ಅಧಿಕಾರಿಗಳು ಕೇಳಿದರು. ಅವಳು ತಾನಾಗಿಯೇ ಹೋದಳು ಎಂದಷ್ಟೇ ಬರೆದುಕೊಳ್ಳಲು ಹೇಳಿದ್ದೇನೆ. ಎರಡನೇ ಮಹಡಿಯ ತಿರುವಿನಲ್ಲಿ ಹಿಡಿದುಕೊಳ್ಳಲು ಕಂಬಿ ಇಲ್ಲ. ಅವಳು ಇಳಿಯುವಾಗ, "ಗೋಡೆ ಹಿಡ್ಕೊಂಡು ಇಳಿಯೇ" ಎಂದು ನಾನು ಮೇಲಿನಿಂದ ಕೂಗಿದೆ. ಅವಳು ಗೋಡೆ ಹಿಡಿದುಕೊಂಡಳು.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ಪೋರ್ತೊಸಾಲ್ವೊ ಠಾಣೆ
ದಿನಾಂಕ: 17-10-2019
ಸಹಿ: ರೊಸಾಲ್ಬಾ ಇಂಗ್ರಾಸಿಯಾ